ಗುಡುಗಲ್ಲ, ಭೂಕಂಪವಲ್ಲ, ಮತ್ತೆ ಆ ಸದ್ದು ಎಲ್ಲಿಯದು?

2021ರ ನವೆಂಬರ್ 26, ಶುಕ್ರವಾರ. ಆ ತಿಂಗಳು ಬೆಂಗಳೂರಿಗೆ ಬೇಡವೆನ್ನುವಷ್ಟು ಮಳೆ ಸುರಿದಿತ್ತು. ಕೆಂಗೇರಿ, ಹೆಮ್ಮಿಗೆಪುರ, ರಾಜರಾಜೇಶ್ವರಿನಗರ, ಜ್ಞಾನಭಾರತಿ, ಕಗ್ಗಲೀಪುರದ ಜನ ಮಧ್ಯಾಹ್ನದ ಊಟದ ಸಿದ್ಧತೆಯಲ್ಲಿದ್ದ ಹೊತ್ತು. ಇದ್ದಕ್ಕಿದ್ದಂತೆ ಭಾರಿ ಸದ್ದೊಂದು ಕೇಳಿಸಿತು. ಕಿಟಕಿಗಳು ಅದುರಿದವು. ಜನ ಬೀದಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು. ಸಿಲಿಂಡರ್ ಸಿಡಿಯಿತೆ? ಎಲ್ಲಾದರೂ ಕಟ್ಟಡ ಕುಸಿಯಿತೆ? ಭೂಕಂಪವೆ? ಹೊಗೆಯಿಲ್ಲ, ಧೂಳಿಲ್ಲ, ಬಿರುಕು ಬಿಟ್ಟ ಗೋಡೆಯೂ ಇಲ್ಲ. ಆಕಾಶ ತನ್ನ ಪಾಡಿಗೆ ತಾನಿತ್ತು.

ಅಂದೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಒಂದು ಪ್ರಕಟಣೆ ಹೊರಡಿಸಿತು. 11.50ರಿಂದ 12.15ರ ನಡುವೆ ಸದ್ದು ಮತ್ತು ಲಘು ಕಂಪನದ ಅನುಭವವಾಯಿತೆಂದು ಈ ಭಾಗದ ನಾಗರಿಕರು ತಿಳಿಸಿದ್ದಾರೆ. ತನ್ನ ಭೂಕಂಪಮಾಪಕಗಳ ದಾಖಲೆಗಳನ್ನು ಪರಿಶೀಲಿಸಲಾಗಿದ್ದು ಭೂಕಂಪದ ಯಾವ ಗುರುತೂ ಅವುಗಳಲ್ಲಿ ಇಲ್ಲ, ಎಂಬುದು ಅದರ ಸಾರಾಂಶ. ಸದ್ದು ಏನಲ್ಲ ಎಂಬುದನ್ನು ಪ್ರಕಟಣೆ ಹೇಳಿತು. ಏನು ಎಂಬುದನ್ನು ಹೇಳಲಿಲ್ಲ. ಅದನ್ನು ಹೇಳುವುದು ನೆಲಕ್ಕೆ ಕಿವಿಗೊಟ್ಟು ಕೂತ ಯಂತ್ರಗಳ ಕೆಲಸವೂ ಅಲ್ಲ.

ಯಂತ್ರಗಳೇ ತಪ್ಪಿದ್ದರೆ? ಈ ಅನುಮಾನವನ್ನು ಅಂದು ಹಲವರು ಆಡಿದರು. ಅದಕ್ಕೆ ಉತ್ತರ ತಿಂಗಳು ತುಂಬುವ ಮೊದಲೇ ಸಿಕ್ಕಿತು. ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಪುಟ್ಟ ಭೂಕಂಪಗಳಾದವು. ಅವುಗಳ ಪ್ರಮಾಣ 2.9 ಮತ್ತು 3. ಎರಡೂ ಯಂತ್ರಗಳಲ್ಲಿ ದಾಖಲಾದವು. ಅಷ್ಟು ಸಣ್ಣ ಕಂಪನವನ್ನು ಹಿಡಿಯಬಲ್ಲ ಜಾಲಕ್ಕೆ ಕೆಂಗೇರಿಯ ಕೆಳಗೆ ಮನೆಮಂದಿಯನ್ನು ಬೀದಿಗೆ ತರುವಂಥ ಭೂಕಂಪವಾಗಿದ್ದರೆ ಕಾಣದೆ ಹೋಗುತ್ತಿರಲಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನಲ್ಲಂತೂ 1965ರಿಂದಲೇ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲಿದೆ. ಜಗತ್ತಿನ ದೂರದ ಮೂಲೆಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟಗಳನ್ನೂ ಗುರುತಿಸಲು ಹಾಕಿದ ಸಾಲು ಅದು.

ಹಾಗಾದರೆ ಉಳಿಯುವುದು ಗಾಳಿ. ಸದ್ದು ಬಂದದ್ದು ಗಾಳಿಯ ದಾರಿಯಲ್ಲಿ.

ಬೆಂಗಳೂರಿಗೆ ಇದು ಮೊದಲಲ್ಲ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಓದುಗರಿಗೆ ನೆನಪಿರಬಹುದು. ಕೊರೊನಾ ಲಾಕ್‌ಡೌನ್‌ನ ದಿನಗಳು.  ಒಂದೂ ಇಪ್ಪತ್ತರ ಸುಮಾರಿಗೆ ನಗರದ ಬಹುಭಾಗದಲ್ಲಿ ಢಂ ಎಂದು ಸದ್ದು ಮೊಳಗಿ ಕೆಲವು ಸೆಕೆಂಡುಗಳ ಕಾಲ ಅನುರಣಿಸಿತು. ಅಂದೇ ಅಂಫನ್ ಚಂಡಮಾರುತ ಬಂಗಾಳದ ಕರಾವಳಿಗೆ ಅಪ್ಪಳಿಸುತ್ತಿತ್ತು. ಹಾಗಾಗಿ ಇದು ಅದರದ್ದೇ ಪ್ರಭಾವವೆಂದು ಕೆಲವರು ತೀರ್ಮಾನಿಸಿಬಿಟ್ಟರು! ಉಲ್ಕೆ ಎಂದವರುಂಟು, ಪ್ರಳಯದ ಮುನ್ಸೂಚನೆ ಎಂದವರೂ ಉಂಟು. ಮೊಬೈಲ್‌ಗಳಲ್ಲಿ ಈ ಮಾತುಗಳೆಲ್ಲ ಊರು ಸುತ್ತಿ ಬರುವಷ್ಟರಲ್ಲಿ ಸಂಜೆಯಾಯಿತು.

ಸಂಜೆ ರಕ್ಷಣಾ ಇಲಾಖೆಯ ವಿವರಣೆ ಬಂತು. ಅದು ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆಯ ವಿಮಾನವೊಂದರ ಮಾಮೂಲಿ ಹಾರಾಟ. ವಿಮಾನ ನಗರದ ಗಡಿಯಿಂದ ಬಹು ದೂರದಲ್ಲಿ, 36 ಸಾವಿರದಿಂದ 40 ಸಾವಿರ ಅಡಿಗಳ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಕೆಳಗಿನ ವೇಗಕ್ಕೆ ಇಳಿಯುವಾಗ ಈ ಸದ್ದು ಉಂಟಾಗಿರಬಹುದು. ಇಂಥ ಸದ್ದು 65ರಿಂದ 80 ಕಿ.ಮೀ. ದೂರದವರಿಗೂ ಕೇಳಿಸಬಲ್ಲದು. ಇದು ವಿವರಣೆಯ ತಿರುಳು. ವಿಜ್ಞಾನಿಗಳು ಸಾನಿಕ್ ಬೂಮ್ ಎನ್ನುವುದು ಇದನ್ನೇ.

ಎಂಬತ್ತು ಕಿ.ಮೀ. ಎಂದರೆ ಮಂಡ್ಯದ ಹತ್ತಿರ ಹತ್ತಿರ! ಅಷ್ಟು ದೂರದ ವಿಮಾನ ಇಲ್ಲಿನ ಕಿಟಕಿ ಅದುರಿಸುವುದೆಂದರೇನು? ನಂಬದವರ ತಪ್ಪೇನೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಬಹುದು.

ನೆಲಮಟ್ಟದ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗಂಟೆಗೆ ಸುಮಾರು 1,225 ಕಿ.ಮೀ. ಮೇಲಿನ ತಣ್ಣನೆಯ ಗಾಳಿಯಲ್ಲಿ ಅದರ ವೇಗ ಕಡಿಮೆ. ಹನ್ನೊಂದು ಹನ್ನೆರಡು ಕಿ.ಮೀ. ಎತ್ತರದಲ್ಲಿ ಗಂಟೆಗೆ 1,060 ಕಿ.ಮೀ. ಇದ್ದೀತು. ವಿಮಾನ ಇದಕ್ಕಿಂತ ವೇಗವಾಗಿ ಹಾರಿದರೆ ತನ್ನ ಸದ್ದನ್ನು ತಾನೇ ಹಿಂದೆ ಹಾಕಿದಂತಾಗುತ್ತದೆ. ಮುಂದಿರುವ ಗಾಳಿಗೆ ವಿಮಾನ ಬರುತ್ತಿರುವ ಸುಳಿವೇ ಸಿಗುವುದಿಲ್ಲ. ಸರಿದು ದಾರಿ ಬಿಡಲು ಸಮಯವಿಲ್ಲದೆ ಗಾಳಿ ಒಮ್ಮೆಲೇ ಒತ್ತಿಕೊಳ್ಳುತ್ತದೆ. ಆ ಒತ್ತಡದ ತೆರೆ ವಿಮಾನದ ಹಿಂದೆ ಶಂಕುವಿನಂತೆ ಹರಡುತ್ತ ನೆಲಕ್ಕೆ ತಾಗಿದಾಗ ಕೇಳಿಸುವುದೇ ಈ ಢಂ. ಕೆರೆಯಲ್ಲಿ ಬಾತುಕೋಳಿ ಈಜುವಾಗ ಅದರ ಹಿಂದೆ ಎರಡು ಕಡೆಗೂ ಬಾಲದಂತೆ ಅಲೆ ಹರಡುವುದನ್ನು ಮಕ್ಕಳು ನೋಡಿರುತ್ತಾರೆ. ಬಾತುಕೋಳಿ ಮುಂದೆ ಹೋದ ಎಷ್ಟೋ ಹೊತ್ತಿನ ಮೇಲೆ ಅಲೆ ದಡಕ್ಕೆ ಬಂದು ಬಡಿಯುತ್ತದೆ. ಇದೂ ಹಾಗೆಯೇ.

ವಿಮಾನ ಶಬ್ದದ ವೇಗವನ್ನು ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಈ ಸದ್ದು ಉಂಟಾಗುತ್ತದೆಂದು ಓದಿದವರೂ ತಿಳಿದಿರುವುದುಂಟು. ಅದು ಸರಿಯಲ್ಲ. ಆ ವೇಗದಲ್ಲಿ ಇರುವಷ್ಟು ಹೊತ್ತೂ ವಿಮಾನ ಈ ತೆರೆಯನ್ನು ಎಳೆದುಕೊಂಡೇ ಹೋಗುತ್ತದೆ. ಅದರ ಹಾದಿಯ ಕೆಳಗಿರುವ ಒಂದೊಂದು ಊರಿಗೂ ಒಂದೊಂದು ಸಲ ಢಂ ಕೇಳಿಸುತ್ತದೆ. ಇನ್ನೊಂದು ಸಂಗತಿ. 70 ಕಿ.ಮೀ. ದೂರದಿಂದ ಸದ್ದು ಬರಲು ಸುಮಾರು ಮೂರೂವರೆ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ ಯಾವ ದಿಕ್ಕಿಗೆ ಹೋಯಿತೋ! ಸದ್ದು ಕೇಳಿ ಮಹಡಿಗೆ ಓಡಿ ಆಕಾಶ ನೋಡಿದವರಿಗೆ ಏನೂ ಕಾಣದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಶಬ್ದಾತೀತ ವೇಗ ಎಂದೊಡನೆ ಯುದ್ಧವಿಮಾನವೇ ಬೇಕೆಂದಿಲ್ಲ. ಬೀದಿಗೆ ಬರುವ ದುರುಗಮುರುಗಿಯವರ ಚಾಟಿ ಛಟೀರ್ ಎನ್ನುವುದೇಕೆ? ಅದು ಚಾಟಿ ಮೈಗೆ ತಾಗಿದ ಸದ್ದಲ್ಲ. ಬೀಸಿದಾಗ ಚಾಟಿಯ ಬುಡದಲ್ಲಿ ಮೂಡಿದ ಬಾಗು ತುದಿಯತ್ತ ಓಡುತ್ತ, ಹಗ್ಗ ಸಣ್ಣದಾದಷ್ಟೂ ವೇಗ ಪಡೆದು, ಕೊನೆಗೆ ಶಬ್ದದ ವೇಗವನ್ನೂ ಮೀರುತ್ತದೆ. ಹಾಗಾಗಿ ಅದೊಂದು ಪುಟ್ಟ ಸಾನಿಕ್ ಬೂಮ್. ವಿಮಾನ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಮನುಷ್ಯ ಶಬ್ದದ ವೇಗವನ್ನು ಮೀರಿದ್ದ, ತನಗೇ ತಿಳಿಯದೆ.

ಬಾರಿಸಾಲದ ಫಿರಂಗಿಗಳು

ವಿಮಾನಗಳೇ ಇಲ್ಲದ ಕಾಲದಲ್ಲೂ ಇಂಥ ಸದ್ದುಗಳು ಕೇಳಿಬಂದಿವೆಯಲ್ಲ! ರಹಸ್ಯ ನಿಜವಾಗಿ ರುಚಿ ಕಟ್ಟುವುದು ಇಲ್ಲಿ.

ಇಂದು ಬಾಂಗ್ಲಾದೇಶದಲ್ಲಿರುವ ಬಾರಿಸಾಲ ಗಂಗೆಯ ಮುಖಜ ಭೂಮಿಯ ಒಂದು ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಜನರಿಗೂ ಬ್ರಿಟಿಷ್ ಅಧಿಕಾರಿಗಳಿಗೂ ದೂರದಲ್ಲಿ ತೋಪು ಹಾರಿಸಿದಂಥ ಸದ್ದು ಆಗಾಗ ಕೇಳಿಸುತ್ತಿತ್ತು. ಹೆಚ್ಚಾಗಿ ಮಳೆಗಾಲದಲ್ಲಿ, ದಕ್ಷಿಣದಿಂದ, ಸಮುದ್ರದ ಕಡೆಯಿಂದ. ಆ ದಿಕ್ಕಿನಲ್ಲಿ ತೋಪೂ ಇರಲಿಲ್ಲ, ಹಡಗೂ ಇರಲಿಲ್ಲ. ಅಧಿಕಾರಿಗಳು ಅದಕ್ಕೆ ‘ಬಾರಿಸಾಲ್ ಗನ್ಸ್’ ಎಂದೇ ಹೆಸರಿಟ್ಟರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಚರ್ಚೆ ನಡೆಯಿತು. 1895ರಲ್ಲಿ ‘ನೇಚರ್’ ಪತ್ರಿಕೆಗೆ ಈ ಬಗ್ಗೆ ಪತ್ರ ಬರೆದವರು ಜಾರ್ಜ್ ಡಾರ್ವಿನ್. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಮಗ, ಸ್ವತಃ ಹೆಸರಾಂತ ಖಗೋಳ ವಿಜ್ಞಾನಿ. ಬೆಲ್ಜಿಯಂ ಕರಾವಳಿಯಲ್ಲೂ ಇಂಥದೇ ಸದ್ದು ಕೇಳಿಸುತ್ತದೆ, ಅಲ್ಲಿನವರು ಅದನ್ನು ಮಂಜಿನ ತೇಗು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ ಎಂಬ ಸಂಗತಿ ಆ ಚರ್ಚೆಯಿಂದ ಹೊರಬಂತು.

ಹುಡುಕುತ್ತ ಹೋದಂತೆ ಪಟ್ಟಿ ಬೆಳೆಯಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಂಡೆಯಲ್ಲಿ ಇಂಥ ಸದ್ದು ಎಷ್ಟು ಪ್ರಸಿದ್ಧವೆಂದರೆ, ಜೇಮ್ಸ್ ಫೆನಿಮೋರ್ ಕೂಪರ್ 1850ರಲ್ಲೇ ಅದರ ಬಗ್ಗೆ ‘ದಿ ಲೇಕ್ ಗನ್’ ಎಂಬ ಕಥೆ ಬರೆದರು. ಇಟಲಿಯಲ್ಲಿ, ಜಪಾನಿನಲ್ಲಿ ಇವಕ್ಕೆ ಬೇರೆಯದೇ ಹೆಸರುಗಳಿವೆ. ನೆಲದಡಿಯ ಅನಿಲ ಗುಳ್ಳೆಯೊಡೆದು ಬರುವ ಸದ್ದು ಎಂದು ಕೆಲವು ವಿಜ್ಞಾನಿಗಳು, ಅತಿ ಸಣ್ಣ ಭೂಕಂಪ ಎಂದು ಕೆಲವರು, ಸಮುದ್ರದ ಭಾರಿ ಅಲೆಗಳು ಎಂದು ಇನ್ನು ಕೆಲವರು, ದೂರದ ಗುಡುಗು ಎಂದು ಮತ್ತೂ ಕೆಲವರು ವಾದಿಸಿದರು. ಬಹುಶಃ ಎಲ್ಲ ಕಡೆಗೂ ಹೊಂದುವ ಒಂದೇ ಉತ್ತರವನ್ನು ಹುಡುಕಿದ್ದೇ ತಪ್ಪು. ಹೊಟ್ಟೆನೋವು ಎಂದ ಎಲ್ಲರಿಗೂ ಒಂದೇ ಮಾತ್ರೆ ಕೊಡಲಾದೀತೆ?

ದೂರದ ಸದ್ದುಗಳಿಗೆ ಒಂದು ವಿಚಿತ್ರ ಗುಣವಿದೆ: ಹತ್ತಿರದವರಿಗೆ ಕೇಳಿಸದೆ ದೂರದವರಿಗೆ ಕೇಳಿಸಬಲ್ಲವು. 1901ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಣಿಯ ಅಂತ್ಯಯಾತ್ರೆಯ ಗೌರವಾರ್ಥ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ನೌಕಾಪಡೆ ತೋಪು ಹಾರಿಸಿತು. ಹತ್ತಿರದ ಎಷ್ಟೋ ಊರುಗಳಿಗೆ ಅದು ಕೇಳಲೇ ಇಲ್ಲ. ನೂರಾರು ಕಿ.ಮೀ. ಆಚೆಯ ಹಳ್ಳಿಯವರು ಮಾತ್ರ ಇದೇನು ಸದ್ದೆಂದು ಕಿವಿ ನಿಮಿರಿಸಿದರು!

ಕಾರಣ ಮರೀಚಿಕೆಯದೇ ಜಾತಿಯದು. ಬೇಸಿಗೆಯ ಮಧ್ಯಾಹ್ನ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋಗುವಾಗ ಮುಂದೆ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುತ್ತದೆ. ಬಿಸಿ ಗಾಳಿ, ತಂಪು ಗಾಳಿಯ ಪದರಗಳ ನಡುವೆ ಬೆಳಕು ಬಾಗುವುದರಿಂದ ಆಗುವ ಭ್ರಮೆ ಅದು. ಸದ್ದೂ ಹಾಗೆಯೇ ಬಾಗುತ್ತದೆ. ಹಗಲಿನಲ್ಲಿ ನೆಲದ ಬಳಿ ಗಾಳಿ ಬಿಸಿ, ಮೇಲೆ ಹೋದಂತೆ ತಂಪು. ಆಗ ಸದ್ದು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ಗುಡುಗು ಹದಿನೈದು ಇಪ್ಪತ್ತು ಕಿ.ಮೀ. ಆಚೆಗೆ ಸಾಮಾನ್ಯವಾಗಿ ಕೇಳಿಸದಿರಲು ಇದೇ ಕಾರಣ. ಇನ್ನೂ ಮೇಲೆ, ಓಜೋನ್ ಪದರ ಇರುವ ಎತ್ತರದಲ್ಲಿ, ಗಾಳಿ ಮತ್ತೆ ಬಿಸಿಯಾಗುತ್ತದೆ. ಅಲ್ಲಿ ತಲುಪಿದ ಸದ್ದು ಪುನಃ ಕೆಳಕ್ಕೆ ಬಾಗಿ ಬಹು ದೂರದಲ್ಲಿ ಇಳಿಯುತ್ತದೆ. ಚಳಿಗಾಲದ ಮುಂಜಾವಿನಲ್ಲಂತೂ ನೆಲದ ಬಳಿಯೇ ತಂಪು, ಮೇಲೆ ಬೆಚ್ಚಗೆ. ಯಶವಂತಪುರದ ರೈಲಿನ ಕೂಗು ರಾಜಾಜಿನಗರದ ಒಳಬೀದಿಗಳಲ್ಲಿ ಹಾಸಿಗೆಯಲ್ಲಿದ್ದವರಿಗೂ ಪಕ್ಕದಲ್ಲೇ ಎಂಬಂತೆ ಕೇಳುವುದು ಆಗಲೇ. ಸದ್ದನ್ನು ಕೆಂಗೇರಿ ಕೇಳಿತು, ಬಸವೇಶ್ವರನಗರ ಕೇಳಲಿಲ್ಲ ಎಂದ ಮಾತ್ರಕ್ಕೆ ಕೆಂಗೇರಿಯವರದು ಭ್ರಮೆ ಎನ್ನುವ ಹಾಗಿಲ್ಲ.

ಎಲ್ಲವೂ ವಿಮಾನವಲ್ಲ

ಬೆಂಗಳೂರಿನವರು ಈಗೀಗ ಸದ್ದು ಕೇಳಿದರೆ ‘ವಿಮಾನ ಇರಬೇಕು ಬಿಡಿ’ ಎಂದು ಸುಮ್ಮನಾಗುವುದುಂಟು. ಇದೂ ಅಪಾಯದ ಅಭ್ಯಾಸವೇ.

2021ರ ಜನವರಿ 21ರ ರಾತ್ರಿ, ಹತ್ತೂ ಕಾಲು ದಾಟಿದ ಹೊತ್ತು. ಶಿವಮೊಗ್ಗದಲ್ಲಿ ಭಾರಿ ಸದ್ದಿನೊಂದಿಗೆ ಮನೆಗಳು ನಡುಗಿದವು. ಸುತ್ತಲಿನ ಊರುಗಳಿಗೂ, ಚಿಕ್ಕಮಗಳೂರು ಜಿಲ್ಲೆಗೂ ಸದ್ದು ಕೇಳಿಸಿತು. ಭೂಕಂಪವೆಂದು ಜನ ಮಕ್ಕಳನ್ನೆತ್ತಿಕೊಂಡು ಹೊರಗೆ ಓಡಿದರು. ಆದದ್ದು ಭೂಕಂಪವಲ್ಲ. ಊರಾಚೆಯ ಹುಣಸೋಡಿನ ಕಲ್ಲು ಕ್ವಾರಿ ಬಳಿ ಲಾರಿಯಲ್ಲಿದ್ದ ಸ್ಫೋಟಕಗಳು ಸಿಡಿದಿದ್ದವು. ಕನಿಷ್ಠ ಐವರು ಕಾರ್ಮಿಕರು ಸತ್ತರು. ಅಂದು ಅದನ್ನು ಯಾರಾದರೂ ‘ನಿಗೂಢ ಶಬ್ದ’ ಎಂದು ಬರೆದು ಕೈಬಿಟ್ಟಿದ್ದರೆ?

ನೆಲವೇ ಸದ್ದು ಮಾಡುವುದೂ ಉಂಟು. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರಿನಲ್ಲಿ ನೆಲದೊಳಗಿಂದ ಗುಡುಗಿದಂಥ ಸದ್ದು ಮತ್ತೆ ಮತ್ತೆ ಬಂತು. ಜೊತೆಗೆ ಕಂಪನಗಳು. ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ಮಲಗಿದರು. ಎಷ್ಟೋ ಮಂದಿ ಊರನ್ನೇ ಬಿಟ್ಟರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಯಂತ್ರಗಳನ್ನಿಟ್ಟರು. ಮಳೆಗಾಲದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಒಳಗಿನ ಒತ್ತಡ ಬದಲಾಗಿ, ಕಲ್ಲಿನ ಪದರ ಕಿಂಚಿತ್ ಸರಿದಾಗ ಇಂಥ ಸಣ್ಣ ಭೂಕಂಪಗಳು ಆಗುತ್ತವೆಂಬುದು ತಜ್ಞರ ವಿವರಣೆ. ಭೂಕಂಪದ ಅಲೆ ಸೆಕೆಂಡಿಗೆ ಇಪ್ಪತ್ತಕ್ಕಿಂತ ಹೆಚ್ಚು ಸಲ ಕಂಪಿಸುತ್ತ ನೆಲದಿಂದ ಗಾಳಿಗೆ ದಾಟಿದರೆ ಅದು ನಮ್ಮ ಕಿವಿಗೆ ಸದ್ದಾಗಿ ಕೇಳುತ್ತದೆ. ಮೂಲ ನೆಲಕ್ಕೆ ಹತ್ತಿರವಿದ್ದಷ್ಟೂ ಇದು ಸುಲಭ. 2022ರ ಜೂನ್ ಕೊನೆಯಲ್ಲಿ ಕೊಡಗಿನ ಚೆಂಬು, ಸಂಪಾಜೆ ಮತ್ತು ಸುಳ್ಯದ ಕಡೆಯವರು ಕೇಳಿದ್ದೂ ಇಂಥದೇ ಸದ್ದು. ಅಲ್ಲಿ ಯಂತ್ರಗಳು ಭೂಕಂಪವನ್ನು ದಾಖಲಿಸಿದ್ದವು.

ಕಲಬುರಗಿ, ಬೀದರ್ ಕಡೆಯ ಹಿರಿಯರು ಇಂಥ ಸದ್ದಿಗೆ ಹೆದರಿದರೆ ಅವರನ್ನು ಮೂಢರೆನ್ನಬಾರದು. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1992ರ ಅಕ್ಟೋಬರಿನಲ್ಲಿ ಇಂಥ ಸದ್ದು, ಸಣ್ಣ ಕಂಪನಗಳು ಆಗಿದ್ದವು. ಆಮೇಲೆ ಎಲ್ಲ ತಣ್ಣಗಾಯಿತು. 1993ರ ಸೆಪ್ಟೆಂಬರ್ 30, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ನಸುಕಿನ ನಾಲ್ಕಕ್ಕೆ ಮುಂಚೆ ಭೂಮಿ ನಡುಗಿತು. ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಭಾರವಾದ ಮಣ್ಣಿನ ಮಾಳಿಗೆಗಳು ಮಲಗಿದವರ ಮೇಲೆಯೇ ಬಿದ್ದವು. ಸುಮಾರು 10 ಸಾವಿರ ಮಂದಿ ಸತ್ತರು. ಸಣ್ಣ ಕಂಪನಗಳ ಸರಣಿಗಳಲ್ಲಿ ಬಹುಪಾಲು ದೊಡ್ಡ ಭೂಕಂಪವಿಲ್ಲದೆ ಹಾಗೇ ನಿಂತುಹೋಗುತ್ತವೆ, ನಿಜ. ಕಿಲ್ಲಾರಿಯಲ್ಲಿ ಹಾಗಾಗಲಿಲ್ಲ.

ಬಾಗಿಲ ಮೇಲಿನ ಬರಹ

ಇಂದಿನ ವಿದ್ಯಾರ್ಥಿಗಳ ತಂದೆತಾಯಿಯರು ಚಿಕ್ಕವರಿದ್ದಾಗ ಬೆಂಗಳೂರಿನ ಎಷ್ಟೋ ಬಡಾವಣೆಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆಂಬ ವದಂತಿ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದ ತುಂಟರೂ ಇದ್ದರು, ಆದರೆ ಅವರ ಮನೆಯ ಬಾಗಿಲ ಮೇಲೂ ಬರಹವಿತ್ತು! 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂದು ದೇಶಕ್ಕೆ ದೇಶವೇ ಚಮಚ ಹಿಡಿದು ಸಾಲುಗಟ್ಟಿತು. ಹಾಲಿನ ಮೇಲ್ಮೈ ಎಳೆತದಿಂದ ಹನಿ ಕಲ್ಲಿಗೆ ಅಂಟಿ ತೆಳುವಾಗಿ ಜಾರಿ ಇಳಿಯುವುದನ್ನು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ತೋರಿಸಿದರು.

ಕೆಂಗೇರಿಯ ಸದ್ದು ಕೇಳಿಸಿದ ಜ್ಞಾನಭಾರತಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣ. ಪವಾಡಗಳನ್ನೂ ಪರಿಶೀಲಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು 1976ರಲ್ಲಿ ಸಮಿತಿ ರಚಿಸಿದವರು ಇದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ. ಅವರೂ ಭೌತವಿಜ್ಞಾನದ ಮೇಷ್ಟ್ರು. ಸಮಿತಿಯ ಹೆಸರಿನಲ್ಲೇ ‘ಪರಿಶೀಲಿಸಬಹುದಾದ’ ಎಂಬ ಮಾತಿರುವುದು ಗಮನಾರ್ಹ. ಪರಿಶೀಲಿಸಬೇಕಾದರೆ ಮೊದಲು ಬೇಕಾದದ್ದು ದಾಖಲೆ.

ಈ ದೃಷ್ಟಿಯಿಂದ 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದಲ್ಲಿ ನಡೆದದ್ದನ್ನು ನೋಡಬೇಕು. ಸುಮಾರು 20 ಮೀಟರ್ ಗಾತ್ರದ ಆಕಾಶಕಲ್ಲೊಂದು 30 ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಸಿಡಿಯಿತು. ಸೂರ್ಯನನ್ನೂ ಮಂಕಾಗಿಸುವ ಬೆಳಕು. ಸದ್ದಿಲ್ಲ. ಏನೆಂದು ನೋಡಲು ಜನ ಕಿಟಕಿಗಳ ಬಳಿ ಬಂದು ನಿಂತರು. ಎರಡು ನಿಮಿಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಆಘಾತದ ಅಲೆ ಬಂದು ಗಾಜುಗಳನ್ನು ಪುಡಿಮಾಡಿತು. ಗಾಯಗೊಂಡವರು ಸುಮಾರು 1,500 ಮಂದಿ, ಹೆಚ್ಚಿನವರಿಗೆ ತಾಗಿದ್ದು ಗಾಜಿನ ಚೂರು. ಅಲ್ಲಿನ ಶಾಲೆಯೊಂದರ ನಾಲ್ಕನೇ ತರಗತಿಯ ಶಿಕ್ಷಕಿ ಬೆಳಕು ಕಂಡೊಡನೆ ಮಕ್ಕಳನ್ನು ಡೆಸ್ಕುಗಳ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ. ಶಿಕ್ಷಕಿಯ ಕೈಗೆ ಆಳವಾದ ಗಾಯವಾಯಿತು. ಆ ಕಲ್ಲು ಎಲ್ಲಿಂದ ಬಂತೆಂಬುದನ್ನು ವಿಜ್ಞಾನಿಗಳು ಲೆಕ್ಕ ಹಾಕಿದ್ದು ರಸ್ತೆಯಲ್ಲಿದ್ದ ಕಾರುಗಳ ಕ್ಯಾಮೆರಾ ಚಿತ್ರಗಳಿಂದ. ಬೆಂಗಳೂರಿನಲ್ಲಿ ಈಗ ಬೀದಿ ಬೀದಿಗೂ ಸಿಸಿ ಕ್ಯಾಮೆರಾ ಇದೆ, ಎಲ್ಲರ ಕೈಯಲ್ಲೂ ಸೆಕೆಂಡು ತೋರಿಸುವ ಗಡಿಯಾರವಿದೆ.

ಕೆಂಗೇರಿಯ ಆ ಪ್ರಕಟಣೆಗೆ ಮತ್ತೆ ಬರೋಣ. ಸದ್ದು ಕೇಳಿಸಿದ್ದು 11.50ರಿಂದ 12.15ರ ನಡುವೆ ಎಂದಿತ್ತು. ಅಂದರೆ 25 ನಿಮಿಷಗಳ ಅಂತರ. ಅಷ್ಟು ಹೊತ್ತಿನಲ್ಲಿ ಸದ್ದು 510 ಕಿ.ಮೀ. ಓಡಬಲ್ಲದು, ಎಂದರೆ ಬೆಂಗಳೂರಿನಿಂದ ಮಂಗಳೂರಿಗಿಂತಲೂ ಆಚೆ! ಕಗ್ಗಲೀಪುರದಿಂದ ಜ್ಞಾನಭಾರತಿಗೆ ಬರಲು ಒಂದು ನಿಮಿಷ ಸಾಕು. ಆದ್ದರಿಂದ ಅಂದು ಒಂದಕ್ಕಿಂತ ಹೆಚ್ಚು ಸದ್ದಾಗಿರಬೇಕು, ಇಲ್ಲವೇ ಜನ ಹೇಳಿದ ಹೊತ್ತು ಅಂದಾಜಿನದಾಗಿರಬೇಕು.

ಮುಂದಿನ ಸಲ ಸದ್ದು ಕೇಳಿದಾಗ ಮಕ್ಕಳು ಗಡಿಯಾರದಲ್ಲಿ ಸೆಕೆಂಡಿನವರೆಗೂ ಹೊತ್ತು ನೋಡಿ ಬರೆದಿಡಲಿ. ಕಿಟಕಿ ಬಾಗಿಲು ಮಾತ್ರ ಅದುರಿದವೇ, ಅಥವಾ ಬಕೆಟ್ಟಿನ ನೀರು ತುಳುಕಿ ನೇತಾಡುವ ದೀಪವೂ ತೂಗಿತೇ ಎಂಬುದನ್ನೂ ಸೇರಿಸಲಿ. ಮೊದಲನೆಯದು ಗಾಳಿಯ ಕೆಲಸ, ಎರಡನೆಯದು ನೆಲದ್ದು. ಉಳಿದದ್ದು ಹತ್ತನೇ ತರಗತಿಯ ತ್ರಿಕೋನಮಿತಿ. ಕೆಂಗೇರಿಗೂ ರಾಜಾಜಿನಗರಕ್ಕೂ ನೇರ ಅಳತೆಯಲ್ಲಿ ಸುಮಾರು 12 ಕಿ.ಮೀ. ಕೆಂಗೇರಿಯಲ್ಲಿ ಕೇಳಿಸಿದ 20 ಸೆಕೆಂಡಿನ ನಂತರ ರಾಜಾಜಿನಗರದಲ್ಲಿ ಕೇಳಿಸಿತೆನ್ನಿ. ಸದ್ದು ಬಹು ದೂರದಿಂದ ನೆಲಮಟ್ಟದಲ್ಲೇ ಬಂದಿದೆ ಎಂದುಕೊಂಡರೆ ಅದು ಹೆಚ್ಚಿಗೆ ಓಡಿದ್ದು 6.8 ಕಿ.ಮೀ. ಇದನ್ನು 12ರಿಂದ ಭಾಗಿಸಿದರೆ 0.57. ಇದು ಯಾವ ಕೋನದ ಕೊಸೈನ್? ಸುಮಾರು 55 ಡಿಗ್ರಿಯದು. ಹಾಗಾಗಿ ರಾಜಾಜಿನಗರದಿಂದ ಕೆಂಗೇರಿಗೆ ಎಳೆದ ಗೆರೆಗೆ 55 ಡಿಗ್ರಿ ಓರೆಯಾಗಿ ಸದ್ದು ಬಂದಿದೆ. ಗೆರೆಯ ಯಾವ ಮಗ್ಗುಲಿಗೆ? ಒಂದು ಮಗ್ಗುಲಿನಲ್ಲಿ ಪಶ್ಚಿಮಕ್ಕೆ ಮಾಗಡಿ, ಇನ್ನೊಂದರಲ್ಲಿ ದಕ್ಷಿಣಕ್ಕೆ ಕಗ್ಗಲೀಪುರ. ವಿಜಯನಗರ, ಬಸವೇಶ್ವರನಗರದ ಗೆಳೆಯರನ್ನು ಕೇಳಿ ಪ್ರಯೋಜನವಿಲ್ಲ, ಆ ಬಡಾವಣೆಗಳು ಹೆಚ್ಚುಕಡಿಮೆ ಅದೇ ಗೆರೆಯ ಮೇಲಿವೆ. ಕಗ್ಗಲೀಪುರದ ವಿದ್ಯಾರ್ಥಿನಿಯೊಬ್ಬಳು ಹೊತ್ತು ಬರೆದಿಟ್ಟಿರಬೇಕು. ಕೆಂಗೇರಿಗಿಂತ ಅರ್ಧ ನಿಮಿಷ ಮೊದಲೇ ಅವಳಿಗೆ ಸದ್ದು ಕೇಳಿಸಿದ್ದರೆ ಅದು ದಕ್ಷಿಣದ್ದು. ಎಂಟು ಹತ್ತು ಸೆಕೆಂಡು ತಡವಾಗಿ ಕೇಳಿಸಿದ್ದರೆ ಮಾಗಡಿಯ ಕಡೆಯದು.